ಮೊದಲ ತುತ್ತು

ಹೊಳೆಯ ದಂಡೆಯ ಮೇಲೆ ಮುದ್ದಯ್ಯ ಗುರುಗಳ ಆಶ್ರಮ. ಅಲ್ಲಿ ಕೆಂಪರಾಜನೆಂಬ ಶಿಷ್ಯನಿದ್ದ. ಭಕ್ತಿಯಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಗುರುಗಳಿಗೆ ಅದೇ ತಲೆನೋವಾಗಿತ್ತು.

ಆ ಆಶ್ರಮದಲ್ಲಿ ಮಡಿಮೈಲಿಗೆಯ ಗೊಡವೆಯಿಲ್ಲ. ಹೊಳೆಯ ಮೀನನ್ನೂ ತಿನ್ನುತ್ತಿದ್ದರು. ಕಟ್ಟುಪಾಡು ಅಂತ ಇದ್ದದ್ದು ಒಂದೇ: ಗುರುಗಳು ಮೊದಲ ತುತ್ತು ಬಾಯಿಗಿಟ್ಟ ಮೇಲೆಯೇ ಶಿಷ್ಯರು ಊಟಕ್ಕೆ ಕೈಹಾಕಬೇಕು. ಅದನ್ನೂ ಗುರುಗಳು ಮಾಡಿದ್ದಲ್ಲ, ಶಿಷ್ಯರೇ ಮಾಡಿಕೊಂಡದ್ದು.

ಒಂದು ಬೆಳಿಗ್ಗೆ ಕೆಂಪರಾಜ ಬಂದು ಕೈಕಟ್ಟಿ ನಿಂತ.

"ಗುರುಗಳೇ, ನನ್ನ ಹೆಂಡತಿ ಜಯಶೀಲ ಫೋನ್ ಮಾಡಿದ್ದಳು. ಅವಳಿಗೆ ಹುಬ್ಬಳ್ಳಿಗೆ ವರ್ಗ ಆಗಿದೆ. ಇವತ್ತು ಸಂಜೆ ಬಸ್ಸಿಗೆ ಹೊರಡ್ತಾಳಂತೆ. ನಾನು ಜೊತೆಗೆ ಬರ್ತೀನೋ ಇಲ್ವೋ, ಮಧ್ಯಾಹ್ನ ಊಟಕ್ಕೆ ಬಂದು ಹೇಳಬೇಕಂತೆ. ಹೇಳದಿದ್ರೆ ಇನ್ನು ಯಾವತ್ತೂ ಕೇಳೋದಿಲ್ಲವಂತೆ."

"ಹೋಗಿ ಹೇಳು."

"ಏನಂತ ಹೇಳಲಿ?"

"ಬರ್ತೀನಿ ಅನ್ನು. ಇಲ್ಲಾ, ಬರಲ್ಲ ಅನ್ನು."

"ಎರಡರಲ್ಲಿ ಯಾವುದು, ಗುರುಗಳೇ?"

ಗುರುಗಳು ಹೊಳೆಯ ಕಡೆ ನೋಡಿದರು. ಹೊಳೆ ಪುಣ್ಯ ಮಾಡಿತ್ತು, ಅದಕ್ಕೆ ಶಿಷ್ಯರಿರಲಿಲ್ಲ.

"ನಿನಗೆ ಹೋಗಬೇಕು ಅನ್ನಿಸುತ್ತಾ?"

"ತಾವು ಏನು ಹೇಳಿದರೆ ಅದೇ ನನಗೆ ಅನ್ನಿಸುತ್ತೆ."

"ಅವಳು ನಿನ್ನ ಹೆಂಡತಿ ಕಣೋ!"

"ಅದಕ್ಕೇ ತಾವೂ ಬರಬೇಕು. ತಾವು ಬಾರದೆ ನಾನು ಹೋಗೋದಿಲ್ಲ."

ಈ ಮಹಾನುಭಾವನ ಮಾತು ಕೇಳುತ್ತಾ ಕೂತರೆ ಅಲ್ಲಿ ಆ ಹೆಣ್ಣುಮಗಳು ಕಾಯುತ್ತಲೇ ಇರಬೇಕಾಗುತ್ತದೆ. ಗುರುಗಳು ಕೊಡೆ ತೆಗೆದುಕೊಂಡು ಎದ್ದರು.

ಜಯಶೀಲ ಕರೆದಿದ್ದದ್ದು ಸೇತುವೆಯಾಚೆಯ ಕೊರಿಯನ್ ಹೋಟೆಲಿಗೆ. ಪಕ್ಕದ ಕಾರ್ಖಾನೆಗೆ ಕೊರಿಯಾದವರು ಬಂದ ಮೇಲೆ ತೆರೆದ ಹೋಟೆಲು ಅದು. ಪ್ರತಿ ಮೇಜಿನ ನಡುವೆ ಒಂದು ಒಲೆ, ಒಲೆಯ ಮೇಲೆ ಕಬ್ಬಿಣದ ಜಾಲರಿ, ಹೊಗೆ ಎಳೆದುಕೊಳ್ಳಲು ಮೇಲಿಂದ ಇಳಿಬಿಟ್ಟ ಕೊಳವೆ.

ಜಯಶೀಲ ಆಗಲೇ ಬಂದು ಕೂತಿದ್ದಳು. ಪಕ್ಕದಲ್ಲಿ ಊರಿಗೆ ಹೊರಟ ಚೀಲ. ಗಂಡನ ಹಿಂದೆ ಗುರುಗಳನ್ನು ಕಂಡು ಅವಳ ಮುಖ ಸಪ್ಪಗಾಯಿತು. ಆದರೂ ಎದ್ದು ಕೈಮುಗಿದಳು.

"ಇಲ್ಲಿ ಬಡಿಸಿದ್ದನ್ನ ತಿಂದು ಎದ್ದುಹೋಗೋ ಹಾಗಿಲ್ಲ ಸ್ವಾಮಿ. ನಾವೇ ಸುಟ್ಕೊಂಡು ತಿನ್ನಬೇಕು. ಒಂದಷ್ಟು ಹೊತ್ತಾದ್ರೂ ಇವರು ನನ್ನ ಎದುರಿಗೆ ಕೂತಿರ್ತಾರಲ್ಲ ಅಂತ ಇಲ್ಲಿಗೆ ಕರೆದೆ."

"ಒಳ್ಳೇದು ಮಾಡಿದೆ ತಾಯಿ," ಎಂದರು ಗುರುಗಳು.

ಕೆಂಪರಾಜ ಮಾತ್ರ ಕೂರಲಿಲ್ಲ. ಗುರುಗಳ ಸಮಕ್ಕೆ ಕೂರುವುದು ಹೇಗೆ ಎಂದು ನಿಂತೇ ಇದ್ದ. ಬಡಿಸುವಾಕೆ ಎರಡೂ ಕೈಯಲ್ಲಿ ತಟ್ಟೆಗಳನ್ನು ಹಿಡಿದುಕೊಂಡು ಬಂದು, ದಾರಿ ಸಿಗದೆ ನಿಂತಳು.

"ಸಾರ್, ಸ್ವಲ್ಪ ಕೂತ್ಕೊಳ್ಳಿ ಸಾರ್."

"ಕೂತ್ಕೊಳ್ಳೋ!" ಎಂದರು ಗುರುಗಳು.

ಕೂತ. ಬಡಿಸುವಾಕೆ ಒಲೆ ಹಚ್ಚಿದಳು. ಮಸಾಲೆ ಸವರಿದ ಮಾಂಸದ ತಟ್ಟೆ, ಹಸಿರೆಲೆಗಳ ಬುಟ್ಟಿ, ಹುಳಿ ಬಂದ ಎಲೆಕೋಸು, ಕೆಂಪು ಗೊಜ್ಜು, ಎಲ್ಲವನ್ನೂ ಜೋಡಿಸಿದಳು. ಅವಳು ಕೈ ತೆಗೆಯುವುದೇ ತಡ, ಕೆಂಪರಾಜ ಎಲ್ಲಕ್ಕಿಂತ ದೊಡ್ಡ ತುಂಡನ್ನು ಆರಿಸಿ ಗುರುಗಳ ತಟ್ಟೆಗಿಟ್ಟು ಕೈಮುಗಿದ.

"ಅಯ್ಯಯ್ಯೋ, ಅದು ಹಸೀದು ಸಾರ್!" ಎಂದು ಬಡಿಸುವಾಕೆ ಕೂಗಿಕೊಂಡಳು.

ಗುರುಗಳು ತಟ್ಟೆಯನ್ನೊಮ್ಮೆ, ಶಿಷ್ಯನನ್ನೊಮ್ಮೆ ನೋಡಿದರು.

"ಮೊದಲ ತುತ್ತು ತಮ್ಮದಲ್ಲವೇ," ಎಂದ ಕೆಂಪರಾಜ.

ಜಯಶೀಲ ಆ ತುಂಡನ್ನು ತೆಗೆದು ಜಾಲರಿಯ ಮೇಲೆ ಹಾಕಿದಳು. ಇನ್ನಷ್ಟು ಹಾಕಿದಳು. ಒಂದು ಮಗ್ಗುಲು ಕೆಂಪಗಾದಾಗ ಮಗುಚಿದಳು. ಚೆನ್ನಾಗಿ ಬೆಂದ ತುಂಡೊಂದನ್ನು ಗಂಡನ ತಟ್ಟೆಗಿಟ್ಟಳು.

"ತಿನ್ನಿ. ಸೊರಗಿಹೋಗಿದ್ದೀರಿ."

ಕೆಂಪರಾಜ ಅದನ್ನು ಎತ್ತಿ ಗುರುಗಳ ತಟ್ಟೆಗೆ ಹಾಕಿದ.

ಗುರುಗಳು ಅದನ್ನು ಅವನ ತಟ್ಟೆಗೆ ವಾಪಸು ಹಾಕಿದರು.

ಅವನು ಮತ್ತೆ ಗುರುಗಳ ತಟ್ಟೆಗೆ ಹಾಕಿದ.

ಜಯಶೀಲ ಇನ್ನೊಂದನ್ನು ಕೊಟ್ಟಳು. ಅದೂ ಅಲ್ಲಿಗೇ ಹೋಯಿತು. ಗುರುಗಳ ತಟ್ಟೆಯಲ್ಲಿ ಮಾಂಸ ಗುಡ್ಡೆಬಿತ್ತು, ಕೆಂಪರಾಜನ ತಟ್ಟೆ ತೊಳೆದಿಟ್ಟ ಹಾಗೇ ಇತ್ತು. ಜಾಲರಿಯ ಮೇಲೆ ಉಳಿದದ್ದೆಲ್ಲ ಸೀದು ಕರಕಲಾಯಿತು. ಬಡಿಸುವಾಕೆ ಬಂದು ಮುಖ ಸಿಂಡರಿಸಿಕೊಂಡು ಜಾಲರಿ ಬದಲಾಯಿಸಿದಳು.

"ಹುಬ್ಬಳ್ಳಿಯಲ್ಲಿ ಮನೆ ನೋಡಿದ್ದೀನಿ ರೀ," ಎಂದಳು ಜಯಶೀಲ. "ಚಿಕ್ಕದು. ಹಿತ್ತಲಲ್ಲಿ ಒಂದು ನುಗ್ಗೆ ಮರ ಇದೆ. ಬರ್ತೀರಾ?"

ಕೆಂಪರಾಜ ಗುರುಗಳ ಕಡೆ ತಿರುಗಿದ. "ಗುರುಗಳೇ, ಚಿಕ್ಕ ಮನೆಯಂತೆ."

"ನನಗೂ ಕೇಳಿಸ್ತು ಕಣೋ. ನನಗೆ ಯಾಕೆ ಹೇಳ್ತೀಯ?"

"ನನ್ನ ಕಡೆ ನೋಡಿ ಹೇಳಿ," ಎಂದಳು ಜಯಶೀಲ. "ಬರಲ್ಲ ಅಂದ್ರೂ ನಾನು ಅಳೋದಿಲ್ಲ. ನಿಮ್ಮ ಬಾಯಿಂದಾನೇ ಬರಲಿ, ಅಷ್ಟು ಸಾಕು ನನಗೆ."

"ಗುರುಗಳು ಇನ್ನೂ ಊಟ ಶುರು ಮಾಡಿಲ್ಲ," ಎಂದ ಕೆಂಪರಾಜ. "ಆಮೇಲೆ ಮಾತಾಡೋಣ."

ಗುರುಗಳಿಗೆ ರೇಗಿಹೋಯಿತು. ಗುಡ್ಡೆಬಿದ್ದ ತಟ್ಟೆಯನ್ನು ಅವನ ಮುಂದಕ್ಕೆ ತಳ್ಳಿದರು.

"ಲೋ, ನಾನು ಆಶ್ರಮದಲ್ಲೇ ಉಂಡು ಹೊರಟೆ ಕಣೋ. ಮುದ್ದೆ, ಸೊಪ್ಪಿನ ಸಾರು. ಹೊಟ್ಟೆ ತುಂಬಿದೆ. ಇದು ನಿಮ್ಮಿಬ್ಬರ ಊಟ. ತಿನ್ನು!"

ಕೆಂಪರಾಜ ಸ್ವಲ್ಪ ಯೋಚಿಸಿದ. ಆಮೇಲೆ ಕೈ ಹಿಂದಕ್ಕೆ ತೆಗೆದುಕೊಂಡ.

"ತಾವು ತಿನ್ನದ ಮೇಲೆ ನಾನೂ ಉಪವಾಸ."

"ನಾನೆಲ್ಲಿ ಉಪವಾಸ ಇದ್ದೀನೋ? ಉಂಡಿದ್ದೀನಿ ಅಂದೆನಲ್ಲ!"

"ಈ ಪಂಕ್ತಿಯಲ್ಲಿ ಇಲ್ಲವಲ್ಲ, ಗುರುಗಳೇ."

ಪಕ್ಕದ ಮೇಜಿನವರು ತಿರುಗಿ ನೋಡಿದರು. ಗುರುಗಳು ಹಣೆಗೆ ಕೈಹಚ್ಚಿ ಕೂತರು. ಈಗ ತಾವೊಂದು ತುಂಡು ಬಾಯಿಗಿಟ್ಟರೆ ಇವನೂ ಇಡುತ್ತಾನೆ. ತಾವು 'ಹೋಗು' ಎಂದರೆ ಹೋಗುತ್ತಾನೆ. ಆಗ ಹುಬ್ಬಳ್ಳಿಗೆ ಹೋಗುವುದು ಈ ಹೆಣ್ಣುಮಗಳ ಗಂಡನಲ್ಲ, ಗುರುವಿನ ಅಪ್ಪಣೆ. ಅವರು ಬಾಯಿ ಬಿಗಿಹಿಡಿದು ಕೂತರು.

ಜಯಶೀಲ ಕೈ ಒರೆಸಿಕೊಂಡಳು. ಬುಟ್ಟಿಯಿಂದ ಒಂದು ಹಸಿರೆಲೆ ತೆಗೆದು ಅಂಗೈಯಲ್ಲಿ ಹರಡಿದಳು. ಹದವಾಗಿ ಬೆಂದ ತುಂಡೊಂದನ್ನು ಊದಿ ಆರಿಸಿ ಅದರಲ್ಲಿಟ್ಟಳು. ಕೆಂಪು ಗೊಜ್ಜು ಸ್ವಲ್ಪವೇ ಹಚ್ಚಿದಳು, ಕೆಂಪರಾಜನಿಗೆ ಖಾರ ಆಗಿಬರುತ್ತಿರಲಿಲ್ಲ. ಎಲೆಯನ್ನು ಮಡಚಿ, ಉಂಡೆ ಮಾಡಿ, ಮೇಜಿನಾಚೆ ಅವನ ಬಾಯಿಯ ಹತ್ತಿರ ಹಿಡಿದಳು.

"ಇದನ್ನ ಮಡಚಿದವರು ಇನ್ನೊಬ್ಬರಿಗೆ ತಿನ್ನಿಸ್ತಾರಂತೆ. ಕೊರಿಯಾದವರ ಕಡೆ ಹಾಗೆ ಪದ್ಧತಿ. ಒಂದೇ ಸಲಕ್ಕೆ ಬಾಯಿಗೆ ಹಾಕ್ಕೋಬೇಕಂತೆ."

ಕೆಂಪರಾಜನ ಬಾಯಲ್ಲಿ ನೀರೂರಿತು. ಕಣ್ಣಲ್ಲೂ ಊರಿತು. ಅವನಿಗೆ ಅದು ಬೇಕಾಗಿತ್ತು. ಆ ಕೈಯನ್ನು ಹಿಡಿದುಕೊಳ್ಳಬೇಕು ಅನ್ನಿಸಿತು. ಬಾಯಿ ತೆರೆಯಲು ಹೋದವನು, ಓರೆಗಣ್ಣಿನಿಂದ ಗುರುಗಳನ್ನು ನೋಡಿದ.

"ಬಾಯಿ ತೆಗಿಯೋ!" ಎಂದು ಗುರುಗಳು ಗದರಿದರು.

"ತಾವು ಮೊದಲು..."

ಅವಳ ಕೈ ಹಾಗೇ ಇತ್ತು. ಎಲೆಯಿಂದ ರಸ ಮಣಿಕಟ್ಟಿನವರೆಗೂ ಇಳಿಯಿತು. ಅವನು ತುಟಿ ಮುಚ್ಚಿಕೊಂಡೇ ಇದ್ದ.

ಜಯಶೀಲ ಕೈ ಹಿಂದಕ್ಕೆಳೆದುಕೊಂಡಳು. ಆ ಉಂಡೆಯನ್ನು ತಾನೇ ಬಾಯಿಗೆ ಹಾಕಿಕೊಂಡು, ಅವಸರವಿಲ್ಲದೆ ಅಗಿದು ನುಂಗಿದಳು. ಒಂದು ಲೋಟ ನೀರು ಕುಡಿದಳು. ಎದ್ದು ಚೀಲವನ್ನು ಹೆಗಲಿಗೆ ಹಾಕಿಕೊಂಡಳು.

"ಚೆನ್ನಾಗಿತ್ತು," ಎಂದಳು. ಗುರುಗಳಿಗೆ ಕೈಮುಗಿದಳು. "ಬರ್ತೀನಿ ಸ್ವಾಮಿ. ನಿಮಗೂ ಸುಮ್ಮನೆ ತೊಂದರೆ ಆಯ್ತು."

"ನನ್ನದೂ ತಪ್ಪಿದೆ ತಾಯಿ," ಎಂದರು ಗುರುಗಳು. ಅವರಿಗೆ ನಿಜವಾಗಿಯೂ ಸಂಕಟವಾಯಿತು.

ಅವಳು ಬಾಗಿಲು ದಾಟಿ ಹೋದಳು. ಹೊರಗೆ ಆಟೋ ಹೊರಟ ಸದ್ದು ಕೇಳಿಸಿತು.

ಕೆಂಪರಾಜ ಬಾಗಿಲನ್ನು ನೋಡಿದ. ಅವಳು ಕೂತಿದ್ದ ಖಾಲಿ ಜಾಗ ನೋಡಿದ. ಅವಳು ಕುಡಿದಿಟ್ಟ ಲೋಟ ನೋಡಿದ. ಅಷ್ಟು ಹೊತ್ತಿಗೆ, ಅಂತೂ, ಆ ಬಡಪಾಯಿಯ ಎದೆಗೆ ಏನೋ ತಟ್ಟಿತು. ಮೇಜಿನ ಮೇಲೆ ತಲೆಯಿಟ್ಟು ಬಿಕ್ಕಿಬಿಕ್ಕಿ ಅತ್ತ.

"ಗುರುಗಳೇ, ನನಗೆ ಅವಳು ಬೇಕು. ತಮ್ಮನ್ನು ಕೇಳಿ ಹೇಳ್ತಾ ಇಲ್ಲ, ನನಗೇ ಬೇಕು. ಇನ್ನು ಅವಳನ್ನ ಎಲ್ಲಿ ಅಂತ ಹುಡುಕಲಿ?"

ಗುರುಗಳು ಕೈಚಾಚಿ ಒಲೆ ಆರಿಸಿದರು.

"ಇಷ್ಟು ಹೊತ್ತು ನಿನ್ನ ಎದುರಿಗೇ ಕೂತಿದ್ದಳಲ್ಲೋ."