ಎಲ್ಲೂ ಕಾಣದ ಕೆಲಸ

ಡ್ರೋನಿನ ಹೊಟ್ಟೆಗೆ ಕಟ್ಟಿದ್ದ ಕ್ಯಾಮೆರಾಗೆ ಬಯಲಿನಲ್ಲಿ ನಡೆಯುವ ಮದುವೆಯ ಕೆಲಸ ಬಂತು. ತನ್ನನ್ನು ಹಾರಿಸಲು ಬಂದ ಎರಡು ಕಂಟ್ರೋಲರುಗಳನ್ನು ಅದು ಕೇಳಿತು: “ಗಾಳಿ ಎದ್ದರೆ ಏನು ಮಾಡುತ್ತೀರಿ?”

“ಮೂರು ಪಲ್ಟಿ ಹೊಡೆದು ಚಪ್ಪಾಳೆ ಗಿಟ್ಟಿಸುತ್ತೇನೆ!” ಎಂದಿತು ಡ್ರೋನ್ ರೇಸಿನಿಂದ ಬಂದ ಕಂಟ್ರೋಲರು.

“ನಿಂತಲ್ಲೇ ನಿಲ್ಲುತ್ತೇನೆ,” ಎಂದಿತು ಇನ್ನೊಂದು.

ಕ್ಯಾಮೆರಾ ಪಲ್ಟಿಗೆ ಮರುಳಾಯಿತು. ಅರಿಶಿನ ಶಾಸ್ತ್ರದ ದಿನ ಗಾಳಿ ಬೀಸಿದ್ದೇ ತಡ, ಮದುಮಗಳ ಬದಲು ಆಕಾಶ, ಚಪ್ಪರದ ಗರಿ, ಅಡುಗೆಭಟ್ಟರ ಬೋಳುತಲೆ ಚಿತ್ರದಲ್ಲಿ ಮೂಡಿದವು.

ಧಾರೆಯ ದಿನ ಕ್ಯಾಮೆರಾ ಮೆತ್ತಗೆ ಎರಡನೆಯದನ್ನು ಕರೆಯಿತು. ಗಾಳಿ ಮತ್ತೆ ಬೀಸಿತು. ಆದರೂ ವಧೂವರರ ಕೈಮೇಲೆ ಎರೆದ ಹಾಲಿನ ಒಂದೊಂದು ಹನಿಯೂ ಸ್ಪಷ್ಟವಾಗಿ ಮೂಡಿತು.

“ಇಡೀ ಚಿತ್ರದಲ್ಲಿ ಇದರ ಕೆಲಸ ಎಲ್ಲೂ ಕಾಣುವುದೇ ಇಲ್ಲವಲ್ಲ!” ಎಂದು ಮೊದಲನೆಯದು ಮೂದಲಿಸಿತು.

“ಹೌದಪ್ಪಾ,” ಎಂದಿತು ಕ್ಯಾಮೆರಾ, “ನಿನ್ನದು ಮಾತ್ರ ಚೆನ್ನಾಗಿ ಕಂಡಿತ್ತು.”