ಬೆಂಡಿನ ಉಪಚಾರ

ಮೀನು ಹಿಡಿಯುವ ಕಟ್ಟೆಯ ಬುಡದಲ್ಲಿ, ದೂಮಣ್ಣನ ಗಾಳದ ದಾರಕ್ಕೆ ಕಟ್ಟಿದ ಬೆಂಡೊಂದು ತೇಲುತ್ತಿತ್ತು. ಒಂಟಿಯಾಗಿ ಇದ್ದೂ ಇದ್ದೂ ಬೇಸತ್ತು, ಬಂದವರನ್ನು ಬರಮಾಡಿಕೊಳ್ಳುವ ಕೆಲಸವನ್ನು ಯಾರೂ ಹೇಳದೆಯೇ ಮೈಮೇಲೆ ಹಾಕಿಕೊಂಡಿತು. ಮೀನು ಸುಳಿದರೆ ಸಾಕು, "ಬನ್ನಿ, ಸಿಗಡಿ ಇದೆ, ತಿಂದುಕೊಂಡೇ ಹೋಗಿ" ಎನ್ನುತ್ತಿತ್ತು. ಮೀನು ಬಾಯಿ ಹಾಕಿದೊಡನೆ ಬೆಂಡು ತಲೆ ಬಾಗಿಸುತ್ತಿತ್ತು. ಆಗ ದಾರ ಸರ್ರನೆ ಮೇಲೇಳುತ್ತಿತ್ತು, ನೆಂಟರು ದೂಮಣ್ಣನ ಬುಟ್ಟಿ ಸೇರುತ್ತಿದ್ದರು.

"ಎಲ್ಲರನ್ನೂ ದೂಮಣ್ಣ ಊಟಕ್ಕೆ ಕರೆದುಕೊಂಡು ಹೋಗುತ್ತಾನೆ. ಒಬ್ಬರಾದರೂ ತಿರುಗಿ ಬಂದು ನನ್ನನ್ನು ಮಾತಾಡಿಸುವುದಿಲ್ಲ ನೋಡು" ಎಂದು ಬೆಂಡು ಒಂದು ದಿನ ಗಾಳದ ಕೊಕ್ಕೆಯ ಹತ್ತಿರ ದೂರಿತು.

ಕೊಕ್ಕೆ ನಕ್ಕಿತು. "ಊಟಕ್ಕೇ ಹೋಗಿದ್ದಾರೆ ಅಕ್ಕಾ, ಉಣ್ಣುವುದಕ್ಕಲ್ಲ. ನೀನು ತಲೆ ಬಾಗಿಸಿದ್ದು ನೋಡಿಯೇ ಅವನು ದಾರ ಎಳೆಯುವುದು. ನಾನು ಚುಚ್ಚುತ್ತೇನೆ, ನೀನು ಹಿಡಿದುಕೊಡುತ್ತೀಯ. ಭಾರೀ ಉಪಚಾರ!"



ಸಂಜೆ ಒಂದು ಮರಿಮೀನು ಹತ್ತಿರ ಬಂತು. "ಅತ್ತೇ, ಒಬ್ಬಳೇ ಇದ್ದೀಯಲ್ಲ, ಸ್ವಲ್ಪ ಹೊತ್ತು ನಿನ್ನ ಜೊತೆ ಇರಲಾ?"

ಇಷ್ಟು ಕಾಲ ಯಾರೂ ಹಾಗೆ ಕೇಳಿರಲಿಲ್ಲ. ಇರು ಎನ್ನಲು ಬೆಂಡಿಗೆ ಎಷ್ಟು ಆಸೆಯಾಯಿತೋ! ಆದರೂ ಗದರಿತು: "ಬೇಡ. ನಡಿ ಇಲ್ಲಿಂದ. ಇನ್ನು ಈ ಕಡೆ ತಲೆ ಹಾಕಬೇಡ."

"ಅಬ್ಬಾ, ಎಂಥ ಮುಖ! ಒಂಟಿಯಾಗಿರುವುದು ಸುಮ್ಮನೆ ಅಲ್ಲ" ಎಂದು ಮರಿ ಬಾಲ ಬೀಸಿ ಹೊರಟಿತು.

ನೆಂಟರೊಬ್ಬರು ತಮ್ಮ ಮನೆ ಕಡೆಗೆ ತಿರುಗಿ ಹೋಗುವುದನ್ನು ಬೆಂಡು ನೋಡಿದ್ದು ಅದೇ ಮೊದಲು. ತಲೆ ಅಲ್ಲಾಡಿಸದೆ, ಕಾಣುವಷ್ಟು ದೂರವೂ ನೋಡಿತು.