ಓಲೆ ಬೇಡವೆಂದ ವರ್ತಕ

"ಬುದ್ಧಿ, ಯಾರೂ ಓದದ ಪುಸ್ತಕವನ್ನು ಬಾಗಿಲಲ್ಲೇ ತಡೆದರೆ ತಪ್ಪೇ?" ಎಂದು ಶಿಷ್ಯ ಸಿದ್ಧಮಲ್ಲ ಕೇಳಿದ. ಮಠದ ಕಂಪ್ಯೂಟರು ಅವನ ಸುಪರ್ದಿನಲ್ಲಿತ್ತು. ಹೊಸ ತಂತ್ರಾಂಶ ತರಿಸಿದಾಗಲೆಲ್ಲ ಅದನ್ನು ಬಳಸುವ ವಿಧಾನದ ಪುಸ್ತಕವೂ ಬೆನ್ನಿಗೇ ಬಂದು ಜಾಗ ಹಿಡಿಯುತ್ತಿತ್ತು. ಇನ್ನು ಮೇಲೆ ಪುಸ್ತಕ ಇಳಿಸಲೇ ಕೂಡದೆಂದು ಅವನು ತಂತ್ರಾಂಶಗಳನ್ನು ತರಿಸಿ ಕೂರಿಸುವ ಪ್ಯಾಕೇಜ್ ಮ್ಯಾನೇಜರ್ ಎಂಬ ತಂತ್ರಾಂಶಕ್ಕೆ ಒಂದು ಸಾಲಿನ ಅಪ್ಪಣೆ ಬರೆದಿಟ್ಟಿದ್ದ.

ಗುರುಗಳು ಒಂದು ಕತೆ ಹೇಳಿದರು.

ಒಬ್ಬ ವರ್ತಕ ಔಷಧಿ ಮಾರುತ್ತಿದ್ದ. ದೂರದ ವೈದ್ಯರೊಬ್ಬರು ವಾರಕ್ಕೊಮ್ಮೆ ಗಾಡಿಯಲ್ಲಿ ಔಷಧಿಯ ಗಂಟುಗಳನ್ನು ಕಳಿಸುತ್ತಿದ್ದರು. ಒಂದೊಂದು ಗಂಟಿಗೂ ಒಂದೊಂದು ಓಲೆ. ಕುಡಿಯಬೇಕೋ ಹಚ್ಚಬೇಕೋ, ಮೊಸರು ಬಿಡಬೇಕೋ ಉಪ್ಪು ಬಿಡಬೇಕೋ ಎಂಬ ವಿವರ ಅದರಲ್ಲಿರುತ್ತಿತ್ತು. ವರ್ತಕನಿಗೆ ಅದೆಲ್ಲ ಬಾಯಿಪಾಠ. ಓಲೆಗಳು ಅಟ್ಟ ತುಂಬಿದವು, ಅವುಗಳಲ್ಲಿ ಇಲಿಗಳು ಸಂಸಾರ ಹೂಡಿದವು. ಅವನಿಗೆ ರೇಗಿತು. ಬರೆದ ಓಲೆ ಇನ್ನು ಒಂದೂ ಅಂಗಡಿಗೆ ಬರಕೂಡದೆಂದು ಗಾಡಿಯವನಿಗೆ ಕಟ್ಟಪ್ಪಣೆ ಮಾಡಿದ. ಅಟ್ಟ ಬರಿದಾಯಿತು. ಮೂರು ವರ್ಷ ಸುಖವಾಗಿ ಕಳೆದವು. ಹಾಗೆ ಹೇಳಿದ್ದೇ ಅವನಿಗೆ ಮರೆತುಹೋಯಿತು.

ಆಮೇಲೆ ಅವನಿಗೆ ಬಿಕ್ಕಳಿಕೆ ಹಿಡಿಯಿತು, ಏನು ಮಾಡಿದರೂ ಬಿಡದು. ಮಗಳ ನಿಶ್ಚಿತಾರ್ಥಕ್ಕೆ ಒಂದೇ ತಿಂಗಳಿತ್ತು. ತಂದೆಯಾದವನು ಹಿರಿಯರ ಮುಂದೆ "ಹೆಣ್ಣು ಕೊಟ್ಟೆ" ಎಂದು ಮೂರು ಸಲ ತಡವರಿಸದೆ ಹೇಳಬೇಕು. ನಡುವೆ ನಿಲ್ಲಿಸಿದರೆ ಮನಸ್ಸಿಲ್ಲವೆಂದೇ ಅರ್ಥ. ವರ್ತಕ ಹೆದರಿ ವೈದ್ಯರಿಗೆ ಹೇಳಿಕಳಿಸಿದ. ಹೊಸದೊಂದು ಕರಿಯ ಪುಡಿ ಬಂತು, ವಿವರ ಮಾತ್ರ ಬರಲಿಲ್ಲ.

ನೀರಿಗೆ ಕಲಸಿ ಕುಡಿದ, ನಾಲಿಗೆ ಕಪ್ಪಾಯಿತು. ಹೊಟ್ಟೆಗೆ ಹಚ್ಚಿದ, ತುರಿಕೆ ಎದ್ದಿತು. ನಶ್ಯದಂತೆ ಏರಿಸಿದ, ಬಿಕ್ಕಳಿಕೆಯ ಜೊತೆಗೆ ಸೀನೂ ಸೇರಿಕೊಂಡಿತು. ಬಳಸುವುದು ಹೇಗೆಂದು ವೈದ್ಯರಿಗೆ ಪತ್ರ ಬರೆದ. ಉತ್ತರವಿಲ್ಲ. ಇನ್ನೆರಡು ಬರೆದ. ಅವಕ್ಕೂ ಇಲ್ಲ.

ನಿಶ್ಚಿತಾರ್ಥದ ದಿನ ಎರಡು ಸಲ "ಕೊಟ್ಟೆ" ಎಂದ. ಮೂರನೆಯದು ಬಿಕ್ಕಳಿಕೆಗೆ ಸಿಕ್ಕಿಕೊಂಡು ಹೊರಗೇ ಬರಲಿಲ್ಲ. ಗಂಡಿನ ಕಡೆಯವರು ತಾಂಬೂಲದ ತಟ್ಟೆಯನ್ನು ಅಲ್ಲೇ ಬಿಟ್ಟು ಎದ್ದುಹೋದರು. ಒಳಗೆ ಮಗಳು ಅಳುವುದು ಕೇಳುತ್ತಿತ್ತು. ಅಷ್ಟರಲ್ಲಿ ಗಾಡಿ ಬಂತು.

"ಆ ವೈದ್ಯನಿಗೆ ಕೈ ಬಿದ್ದುಹೋಗಿದೆಯೇನೋ? ಒಂದು ಉತ್ತರ ಬರೆಯಕ್ಕಾಗಲ್ವಾ?" ಎಂದು ವರ್ತಕ ಹರಿಹಾಯ್ದ.

"ವಾರವಾರ ಬರೆದವ್ರೆ ಸೆಟ್ರೇ. ಬರೆದ ಓಲೆ ಒಂದೂ ತರಬೇಡ ಅಂದಿದ್ರಲ್ಲ ನೀವು, ಎಲ್ಲಾನೂ ಹೊಳೆಗೆ ಬಿಟ್ಬಂದೆ," ಎಂದ ಗಾಡಿಯವನು.

ವರ್ತಕನಿಗೆ ಸಿಡಿಲು ಬಡಿದಂತಾಯಿತು. ಬಿಕ್ಕಳಿಕೆ ಅಲ್ಲಿಗೇ ನಿಂತಿತು.

ಸಿದ್ಧಮಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕ. "ಪಾಪ, ಪೆದ್ದ. ನಾನಾದರೆ ಬೇಕೆಂದಾಗ ಆ ಸಾಲು ಅಳಿಸಿಬಿಡುತ್ತೇನೆ, ಬುದ್ಧಿ," ಎಂದ.

ಗುರುಗಳು ಕೇಳಿದರು: "ಅಂಥದ್ದೊಂದು ಸಾಲು ಇದೆಯೆಂದು, ನಿನ್ನ ನಂತರ ಬಂದು ಕೂರುವವನಿಗೆ ಎಲ್ಲಿ ಬರೆದಿಟ್ಟಿದ್ದೀಯಪ್ಪ?"